ಬಿದಿರು ಮರ ಅಲ್ಲ, ಹುಲ್ಲು!

ಕಳೆದ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪ ಕೇಳಿದ್ರು: "ಹಳ್ಳದ ಪಕ್ಕ ಎರಡು ಎಕರೆ ಖಾಲಿ ಬಿದ್ದಿದೆ. ಬಿದಿರು ಹಾಕಿದ್ರೆ ದುಡ್ಡಾಗುತ್ತಂತೆ, ಹೌದೇನೋ? ನೀನು ಇಂಜಿನಿಯರ್ ಅಲ್ವಾ, ಹೇಳು ನೋಡೋಣ." ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದ ಮೇಲೆ ತಿಳಿದದ್ದನ್ನು ನಿಮ್ಮ ಜೊತೆಗೂ ಹಂಚಿಕೊಳ್ತೀನಿ.

ಮೊದಲನೆಯದಾಗಿ, ಬಿದಿರು ಮರವೇ ಅಲ್ಲ. ಭತ್ತ, ಕಬ್ಬು, ಹಾಸ್ಟೆಲ್ ಮುಂದಿನ ಗರಿಕೆ ಎಲ್ಲಾ ಇದರ ನೆಂಟರು. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಇದನ್ನು ಮರಗಳ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ದೇಶದ ಹಲವೆಡೆ ರೈತ ತನ್ನ ಹೊಲದ ಬಿದಿರನ್ನು ಕಡಿದು ಸಾಗಿಸಲಿಕ್ಕೂ ಪರವಾನಗಿಗೆ ಅಲೆಯಬೇಕಿತ್ತು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಆ ಪಟ್ಟಿಯಿಂದ ಬಿದಿರನ್ನು ಕೈಬಿಟ್ಟಿತು. ಬೆಳೆಯಾಗಿ ಬಿದಿರಿನ ಮಾತು ಜೋರಾಗಿದ್ದು ಆಮೇಲೆ.

ಇದು ಬೆಳೆಯುವ ರೀತಿಯೇ ವಿಚಿತ್ರ. ಕಳಲೆ ಮಣ್ಣಿನಿಂದ ಹೊರಬರುವಾಗಲೇ ಪೂರ್ತಿ ದಪ್ಪ ಇರುತ್ತೆ. ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಏರುತ್ತೆ. ಆಮೇಲೆ ಉದ್ದವೂ ಇಲ್ಲ, ದಪ್ಪವೂ ಇಲ್ಲ; ಮೂರು ನಾಲ್ಕು ವರ್ಷ ಬರೀ ಗಟ್ಟಿಯಾಗೋ ಕೆಲಸ. ಬಲಿತ ಗಳಗಳನ್ನು ಮಾತ್ರ ಕಡಿದರೆ ಮೆಳೆ ಹಾಗೇ ಉಳಿಯುತ್ತೆ, ಮತ್ತೆ ನೆಡೋ ಗೋಜಿಲ್ಲ. ಐದು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 160 ಗಿಡ. ನೆಲದೊಳಗೆ ಹೆಣೆದುಕೊಂಡ ಗೆಡ್ಡೆ-ಬೇರು ಮೇಲ್ಮಣ್ಣನ್ನು ಬಲೆಯ ಹಾಗೆ ಹಿಡಿದಿಡುತ್ತೆ. ಹಳ್ಳದ ದಂಡೆ ಕೊಚ್ಚಿಹೋಗುವ ಜಾಗಕ್ಕೆ ಇದಕ್ಕಿಂತ ಒಳ್ಳೆ ಕಾವಲುಗಾರ ಸಿಗೋದು ಕಷ್ಟ. ಗಾಳಿಯಿಂದ ಹೀರಿದ ಇಂಗಾಲವೂ ಗಳದಲ್ಲಿ ಸೇರುತ್ತೆ. ಆದರೆ ಆ ಗಳ ತೊಲೆಯೋ ಪೀಠೋಪಕರಣವೋ ಆದರೆ ಮಾತ್ರ ಇಂಗಾಲ ಅಲ್ಲೇ ಉಳಿಯುತ್ತೆ. ಸುಟ್ಟರೆ ವಾಪಸ್ ಗಾಳಿಗೇ.

ಉತ್ತರ ಕನ್ನಡದ ಒಂದು ಕಥೆ ಕೇಳಿ. 1970ರ ದಶಕದಲ್ಲಿ ಕಾಡಿನ ಬಿದಿರು ಕಾಗದಕ್ಕಾಗಿ ಹೋಗಿ ಹೋಗಿ ಸೊರಗಿತ್ತು. ಮೆಳೆಯ ಬುಡದ ಮುಳ್ಳು ತೆಗೆದು ಚೊಕ್ಕ ಮಾಡಿದರೆ ಚೆನ್ನಾಗಿ ಬೆಳೆಯುತ್ತೆ ಅನ್ನೋದು ಅರಣ್ಯ ಇಲಾಖೆಯ ನಂಬಿಕೆ. ಮುಳ್ಳು ಹೋದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿಂದುಬಿಡ್ತವೆ ಅಂದರು ಹಳ್ಳಿಯವರು. ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನ ಮಾಡಿದಾಗ ಹಳ್ಳಿಯವರ ಮಾತೇ ನಿಜವಾಯ್ತು.

ಈಗ ದುಡ್ಡಿನ ವಿಷಯ. ಊದುಬತ್ತಿ ಕಡ್ಡಿಗೆ ಬಿದಿರು ಬೇಕು, ಆದರೆ ನಾವು ವಿಯೆಟ್ನಾಂ, ಚೀನಾದಿಂದ ತರಿಸ್ತಿದ್ವಿ. 2020ರಲ್ಲಿ ಆಮದು ಸುಂಕ ಶೇ. 25ಕ್ಕೆ ಏರಿತು. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ತಲೆ ಎತ್ತಿ ನೋಡಿ, ಚಾವಣಿ ತುಂಬ ಬಿದಿರೇ. ಮಹಾರಾಷ್ಟ್ರದ ವಣಿ-ವರೋರಾ ಹೆದ್ದಾರಿಯಲ್ಲಿ 200 ಮೀಟರ್ ಉದ್ದದ ಬಿದಿರಿನ ತಡೆಬೇಲಿಯೂ ಬಂದಿದೆ.

ಹಾಗಂತ ಇದು ಲಾಟರಿ ಅಲ್ಲ. ಮೊದಲ ನಾಲ್ಕು ವರ್ಷ ಆದಾಯ ಇಲ್ಲ. ಗಳ ಟೊಳ್ಳು, ಲಾರಿಯಲ್ಲಿ ಅರ್ಧ ಗಾಳಿಯನ್ನೇ ಸಾಗಿಸಿದ ಹಾಗೆ. ದೂರದ ಕಾರ್ಖಾನೆ ನಂಬಿದರೆ ಬಾಡಿಗೆಯೇ ಲಾಭ ತಿನ್ನುತ್ತೆ. ಒಳಗಿನ ಪಿಷ್ಟಕ್ಕೆ ಕೊರೆಯುವ ಹುಳು ಮುತ್ತುತ್ತೆ, ಬೋರಾಕ್ಸ್-ಬೋರಿಕ್ ಆಮ್ಲದಲ್ಲಿ ಸಂಸ್ಕರಿಸಬೇಕು. ನಾರಿನ ದಿಕ್ಕಿನಲ್ಲಿ ಎಳೆದರೆ ಭಾರಿ ಗಟ್ಟಿ, ಆದರೆ ಒಂದು ಮೊಳೆ ಹೊಡೆದರೆ ಸೀಳು. ಜೊತೆಗೆ ಎಷ್ಟೋ ದಶಕಕ್ಕೊಮ್ಮೆ ಹೂ ಬಿಟ್ಟು ಮೆಳೆಯೇ ಸಾಯುತ್ತೆ.

ಗಮನಿಸಿದ್ರಾ? ಸಾಗಣೆ, ಸಂಸ್ಕರಣೆ, ಕೀಲು: ಇವೆಲ್ಲ ನಮ್ಮ ಲೆಕ್ಕಗಳೇ. ಬಿದಿರಿನ ಕಟ್ಟಡ ವಿನ್ಯಾಸಕ್ಕೆ ಐಎಸ್ 15912 ಎಂಬ ಮಾನದಂಡವೇ ಇದೆ. ನಮ್ಮಲ್ಲಿ ಎಷ್ಟು ಜನ ತೆರೆದು ನೋಡಿದ್ದೀವಿ? ಹಳ್ಳಿಯಲ್ಲೇ ಗಳ ಸೀಳಿ ಕಡ್ಡಿ ಮಾಡೋ ಅಗ್ಗದ ಯಂತ್ರ, ಸೀಳದ ಕೀಲು... ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕೋರು ಯೋಚಿಸಿ.

ದೊಡ್ಡಪ್ಪನಿಗೆ ಹೇಳಿದ್ದು ಇಷ್ಟೇ: "ಎರಡೂ ಎಕರೆ ಬೇಡ. ಮೊದಲು ಕೊಳ್ಳೋರು ಯಾರು, ಎಷ್ಟು ದೂರದಲ್ಲಿದ್ದಾರೆ ವಿಚಾರಿಸಿ. ಅಷ್ಟರಲ್ಲಿ ಹಳ್ಳದ ದಂಡೆಗೆ ಒಂದು ಸಾಲು ನೆಡಿ. ದುಡ್ಡು ಬರದಿದ್ದರೂ ಮಣ್ಣು ಉಳಿಯುತ್ತೆ."