ಕಾದ ಛಾವಣಿಯೂ ನೆರೆಹೊರೆಯ ನೆರವೂ

ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಯಾದರೂ ಮನೆಯೊಳಗಿನ ಧಗೆ ಇಳಿಯದಿರುವುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಹೊರಗೆ ತಂಗಾಳಿ ಬೀಸುತ್ತಿರುತ್ತದೆ. ಒಳಗೆ ಮಾತ್ರ ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ. ಇದಕ್ಕೆ ಮುಖ್ಯ ಕಾರಣ ತಲೆಯ ಮೇಲಿನ ತಾರಸಿ. ಹಗಲೆಲ್ಲ ಬಿಸಿಲನ್ನು ಹೀರಿದ ಕಾಂಕ್ರೀಟು, ಹೊತ್ತು ಮುಳುಗಿದ ಮೇಲೆ ಆ ಶಾಖವನ್ನು ನಿಧಾನವಾಗಿ ಕೋಣೆಯೊಳಕ್ಕೆ ಬಿಡುತ್ತದೆ. ತಗಡಿನ ಛಾವಣಿಗೆ ಅಷ್ಟು ಹೊತ್ತೂ ಬೇಡ. ಬಿಸಿಲೇರುತ್ತಲೇ ಅದು ಕಾದ ಕಾವಲಿಯಾಗುತ್ತದೆ.

ಹೊಸ ಮನೆ ಕಟ್ಟುವವರು ಇದನ್ನೆಲ್ಲ ಮೊದಲೇ ಯೋಚಿಸಬಹುದು. ಆದರೆ ನಮ್ಮಲ್ಲಿ ಬಹು ಮಂದಿ ವಾಸವಾಗಿರುವುದು ಎಂದೋ ಕಟ್ಟಿದ ಮನೆಗಳಲ್ಲಿ. ಇರುವ ಮನೆಯನ್ನೇ ತಂಪಾಗಿಸಿ, ವಿದ್ಯುತ್ತಿನ ಖರ್ಚನ್ನೂ ತಗ್ಗಿಸುವುದು ಹೇಗೆ? ಈ ಪ್ರಶ್ನೆಗೆ ಅಹಮದಾಬಾದಿನ ಬಡ ಬಡಾವಣೆಗಳ ಹೆಂಗಸರು ಕಂಡುಕೊಂಡ ಉತ್ತರ ನಾವೆಲ್ಲರೂ ತಿಳಿಯಬೇಕಾದಂಥದು.

2010ರ ಮೇ ತಿಂಗಳಲ್ಲಿ ಆ ನಗರದ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಒಂದೇ ತಿಂಗಳಲ್ಲಿ, ಎಂದಿನ ಲೆಕ್ಕಕ್ಕಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದುವೆಂದು ಸಂಶೋಧಕರು ಆಮೇಲೆ ಅಂದಾಜು ಮಾಡಿದರು. 2013ರಲ್ಲಿ ನಗರಪಾಲಿಕೆಯು ಬಿಸಿಗಾಳಿಯನ್ನು ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ಮುನ್ನೆಚ್ಚರಿಕೆ ಸಾರುವ, ಆಸ್ಪತ್ರೆಗಳನ್ನು ಸಜ್ಜುಗೊಳಿಸುವ ಏರ್ಪಾಡಾಯಿತು. ಬಿಸಿಲಿಗೆ ಹೋಗದೆ ಮನೆಯಲ್ಲಿರಿ ಎಂಬುದು ಒಳ್ಳೆಯ ಸಲಹೆಯೇ. ಆದರೆ ಮನೆಯೇ ಕುಲುಮೆಯಾದವರು ಎಲ್ಲಿಗೆ ಹೋಗಬೇಕು? ತಗಡಿನ ಕೆಳಗೆ ಕುಳಿತು ಹೊಲಿಗೆ ಮುಂತಾದ ಕೆಲಸದಿಂದ ಹೊಟ್ಟೆ ಹೊರೆಯುವವರಿಗೆ ಧಗೆಯೆಂದರೆ ಆರೋಗ್ಯವೂ ಹಾಳು, ಅರ್ಧ ದಿನದ ಸಂಪಾದನೆಯೂ ಹಾಳು.

ಇಲ್ಲಿ ನೆರವಿಗೆ ಬಂದದ್ದು ಹೆಂಗಸರ ಸಂಘಟನೆ. ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘದ ಆಶ್ರಯದಲ್ಲಿ 1994ರಲ್ಲಿ ಹುಟ್ಟಿದ ಮಹಿಳಾ ಹೌಸಿಂಗ್ ಟ್ರಸ್ಟ್, ಬಡಾವಣೆಗಳಲ್ಲಿ ಹೆಂಗಸರ ಗುಂಪುಗಳನ್ನು ಬೆಳೆಸಿತು. ಅವರಲ್ಲಿ ಕೆಲವರು ತರಬೇತಿ ಪಡೆದು ನೆರೆಮನೆಗಳಿಗೆ ಹೋಗಿ, ಯಾವ ದೀಪ, ಯಾವ ಫ್ಯಾನು ಎಷ್ಟು ವಿದ್ಯುತ್ತನ್ನು ನುಂಗುತ್ತದೆಂದು ಲೆಕ್ಕ ಹಾಕಿ ತಿಳಿಸಿದರು. ಛಾವಣಿಗಳಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಲೇಪ ಬಳಿಯುವ ಕೆಲಸವೂ ನಡೆಯಿತು. 2017ರಲ್ಲಿ ನಗರಪಾಲಿಕೆಯೂ ತಂಪು ಛಾವಣಿಯ ಪ್ರಯೋಗವನ್ನು ಕೈಗೆತ್ತಿಕೊಂಡಿತು. 2023ರಲ್ಲಿ ತೆಲಂಗಾಣ ಸರಕಾರವು ಇಂತಹ ಛಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ಈ ಲೇಪದ ಗುಟ್ಟು ಸರಳ. ಹಳೆಯದಾಗಿ ಕಪ್ಪಿಟ್ಟ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತದೆ; ಹೊಸ ಬಿಳಿ ಲೇಪ ಸುಮಾರು ಅಷ್ಟನ್ನೇ ಆಕಾಶಕ್ಕೆ ಹಿಂದಿರುಗಿಸುತ್ತದೆ. ಇದರಿಂದ ಕೋಣೆಯ ಉಷ್ಣತೆ 2ರಿಂದ 5 ಡಿಗ್ರಿಯವರೆಗೆ ತಗ್ಗುವುದುಂಟು.

ಇಷ್ಟು ಸುಲಭವಾದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಡಿಗೆ ಏಕೆ ಮಾಡಿಕೊಳ್ಳಬಾರದು ಎಂದು ನೀವು ಕೇಳಬಹುದು. ಮಾಡಿಕೊಳ್ಳಬಹುದು, ಆದರೆ ಮಾಡಿಕೊಳ್ಳುವವರು ಕಡಿಮೆ. ಬಣ್ಣ ಮಾರುವವನ ಮಾತಿನ ಮೇಲೆ ನಮಗೆ ಅನುಮಾನ. ಪಕ್ಕದ ಮನೆಯ ಅಮ್ಮ ಹೇಳಿದರೆ ನಂಬಿಕೆ. ಬಾಡಿಗೆಗಿರುವವರು ಮಾಲೀಕರ ತಾರಸಿಗೆ ತಾವೇಕೆ ಹಣ ಹಾಕಬೇಕೆನ್ನುತ್ತಾರೆ. ಮಾಲೀಕರಿಗೆ ಆ ಧಗೆ ತಟ್ಟುವುದಿಲ್ಲ. ಒಬ್ಬರು ಹೇಳಿದರೆ ಕೇಳದ ಮಾಲೀಕರು ಇಡೀ ಬೀದಿಯೇ ಕೇಳಿದಾಗ ಒಪ್ಪುವುದುಂಟು. ಅಲ್ಲದೆ ಹತ್ತು ಮನೆಗಳ ಕೆಲಸ ಒಟ್ಟಿಗೆ ಹಿಡಿದರೆ ಸಾಮಾನೂ ಅಗ್ಗ, ಕೂಲಿಯೂ ಅಗ್ಗ.

ನೀವೂ ಪರೀಕ್ಷಿಸಿ ನೋಡಿ. ಬೇಸಿಗೆಗೆ ಮುಂಚೆ, ಒಂದೇ ತರಹದ ಎರಡು ಅಕ್ಕಪಕ್ಕದ ಮನೆಗಳಲ್ಲಿ ಒಂದರ ತಾರಸಿಗೆ ಮಾತ್ರ ಬಿಳಿ ಬಳಿಸಿ. ಎರಡು ಕೋಣೆಗಳಲ್ಲೂ ಒಂದೊಂದು ಉಷ್ಣಮಾಪಕ ತೂಗುಹಾಕಿ, ವಾರದವರೆಗೆ ಮಧ್ಯಾಹ್ನ ಮೂರಕ್ಕೆ ಓದಿ ಬರೆದಿಡಿ. ಆ ಕಾಗದವನ್ನು ಬೀದಿಯವರೆಲ್ಲ ನೋಡಲಿ. ಆಮೇಲೆ ವೃದ್ಧರು, ಬಾಣಂತಿಯರು ಇರುವ ಮನೆಗಳಿಂದ ಕೆಲಸ ಆರಂಭವಾಗಲಿ.

ಜೊತೆಗೇ ವಿದ್ಯುತ್ತಿನ ಲೆಕ್ಕವನ್ನೂ ನೋಡಿ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಹೊಸ ಬಗೆಯದು ಅದೇ ಗಾಳಿಗೆ 11 ಯೂನಿಟ್ ಸಾಕೆನ್ನುತ್ತದೆ. 60 ವ್ಯಾಟಿನ ಹಳೆಯ ಬಲ್ಬಿನ ಕೆಲಸವನ್ನು 9 ವ್ಯಾಟಿನ ಎಲ್‌ಇಡಿ ಮಾಡುತ್ತದೆ.

ಕೆಲವು ಎಚ್ಚರಿಕೆಗಳೂ ಅವಶ್ಯ. ಸೋರುವ ತಾರಸಿಯನ್ನು ಮೊದಲು ರಿಪೇರಿ ಮಾಡಿಸಬೇಕು. ಧೂಳು, ಪಾಚಿ ಕೂತರೆ ಬಿಳುಪಿನ ಗುಣ ಕುಂದುತ್ತದೆ. ಆಗಾಗ ಗುಡಿಸಿ ತೊಳೆಯಬೇಕು. ಬರಿಯ ಸುಣ್ಣವಾದರೆ ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಬೇಕಾಗುತ್ತದೆ. ಎದುರಿನ ಎತ್ತರದ ಮನೆಯವರ ಕಣ್ಣಿಗೆ ಪ್ರಖರವಾದೀತು. ಅವರನ್ನೂ ಕೇಳಿಯೇ ಮುಂದುವರಿಯುವುದು ಲೇಸು. ಮಡಿಕೇರಿಯಂಥ ತಣ್ಣನೆಯ ಊರಿಗೆ ಈ ಉಪಾಯ ಅಷ್ಟಾಗಿ ಬೇಕಿಲ್ಲ. ರಾಯಚೂರು, ಕಲಬುರಗಿಗಳ ಬಿಸಿಲಿಗೆ ಇದು ತಕ್ಕ ಮದ್ದು.

ಬಿಸಿಲು ಒಂದು ಮನೆಯ ಮೇಲಷ್ಟೇ ಬೀಳುವುದಿಲ್ಲ. ಅದಕ್ಕೆ ಮಾಡುವ ಉಪಾಯವೂ ಒಂದೇ ಮನೆಯಲ್ಲಿ ನಿಲ್ಲಬೇಕಾಗಿಲ್ಲ. ಈ ಬೇಸಿಗೆಗೆ ಮುನ್ನ ನಿಮ್ಮ ಬೀದಿಯ ನಾಲ್ಕು ಜನ ಒಮ್ಮೆ ಒಟ್ಟಿಗೆ ತಾರಸಿ ಹತ್ತಿ ನೋಡಿ.