ಸುಳಿಯ ದುಂಬಿಗೆ ಮರಕ್ಕೇ ಕೊಡಲಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರದಾದರೂ ಕಣ್ಣು ಹಳದಿಯಾದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ನೆಲನೆಲ್ಲಿ. ಬೇರುಸಮೇತ ಕಿತ್ತು, ಅರೆದು, ಮಜ್ಜಿಗೆಗೋ ಹಾಲಿಗೋ ಬೆರೆಸಿ ಬರಿಹೊಟ್ಟೆಗೆ ಕೊಡುತ್ತಾರೆ. ಎಣ್ಣೆ, ಖಾರ ಬಂದ್. ಹೆಚ್ಚಿನವರು ಕೆಲವು ವಾರಗಳಲ್ಲಿ ಎದ್ದು ಓಡಾಡುತ್ತಾರೆ, ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಆದರೆ ಕಣ್ಣು ಹಳದಿಯಾಗುವ ಹೊತ್ತಿಗೆ ಒಳಗಿನ ಕಾಳಗ ಬಹುಪಾಲು ತೀರ್ಮಾನವಾಗಿರುತ್ತದೆ.

ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ವೈರಸ್ಸನ್ನೇ ನೋಡಿ. ಮೈಹೊಕ್ಕ ಮೇಲೆ ಸುಮಾರು 4 ವಾರ ಸದ್ದಿಲ್ಲ. ಅಷ್ಟರಲ್ಲಿ ಅದು ಲಿವರಿನ ಜೀವಕೋಶಗಳಲ್ಲಿ ಸಂತಾನ ಬೆಳೆಸಿಕೊಳ್ಳುತ್ತದೆ. ಮಲದಲ್ಲಿ ಅತಿ ಹೆಚ್ಚು ಹೊರಬೀಳುವುದೂ ಕಾಮಾಲೆ ಕಾಣಿಸುವ ಮುಂಚೆಯೇ. ಹಾನಿಯೆಲ್ಲ ವೈರಸ್ಸಿನದೇ ಆಗಿದ್ದರೆ ರೋಗಿ ಆಗಲೇ ಮಲಗಬೇಕಿತ್ತು.

ತೆಂಗಿನ ಸುಳಿಗೆ ದುಂಬಿ ಬಿದ್ದರೆ ಗರಿಗಳು ಕತ್ತರಿ ಆಡಿಸಿದಂತೆ ಕಾಣುತ್ತವೆ, ಮರ ಮಾತ್ರ ಕಾಯಿ ಬಿಡುತ್ತಲೇ ಇರುತ್ತದೆ. ನಾವು ಕೊಕ್ಕೆ ಹಾಕಿ ದುಂಬಿಯನ್ನು ಎಳೆಯುತ್ತೇವೆ. ದೇಹದ ಕಾವಲುಗಾರರಾದ ಟಿ-ಕೋಶಗಳ ಕೈಯಲ್ಲಿ ಕೊಕ್ಕೆಯೂ ಇದೆ, ಕೊಡಲಿಯೂ ಇದೆ. ಸೋಂಕು ತಗಲಿದ ಕೋಶ ವೈರಸ್ಸಿನ ಚೂರುಗಳನ್ನು ತನ್ನ ಮೈಮೇಲೆ ಪ್ರದರ್ಶಿಸುತ್ತದೆ. ಅದನ್ನು ಗುರುತಿಸಿದ ಟಿ-ಕೋಶ ಪರ್ಫೋರಿನ್ ಎಂಬ ಪ್ರೋಟೀನಿನಿಂದ ರಂಧ್ರ ಕೊರೆದು, ಗ್ರಾನ್‌ಜೈಮ್ ಕಿಣ್ವಗಳನ್ನು ಒಳಗೆ ನುಗ್ಗಿಸುತ್ತದೆ. ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಅದು ಕೊಡಲಿ. ಕೊಕ್ಕೆ ಎಂದರೆ ಗಾಮಾ ಇಂಟರ್‌ಫೆರಾನ್: ಕೋಶವನ್ನು ಕೊಲ್ಲದೆಯೇ ಅದರೊಳಗಿನ ವೈರಸ್ಸನ್ನು ಅಡಗಿಸುವ ರಾಸಾಯನಿಕ. ಹೆಪಟೈಟಿಸ್ ಬಿ ತಗಲಿದ ಚಿಂಪಾಂಜಿಗಳಲ್ಲಿ ಲಿವರಿಗೆ ದೊಡ್ಡ ಪೆಟ್ಟು ಬೀಳುವ ಮೊದಲೇ ವೈರಸ್ಸಿನ ಬಹುಪಾಲು ಮಾಯವಾಗಿದ್ದನ್ನು 1999ರ ಅಧ್ಯಯನವೊಂದು ತೋರಿಸಿತು. ಕೊಕ್ಕೆಯ ಕೆಲಸ ಅಷ್ಟು ದೊಡ್ಡದು. ಆದರೂ ಕೊಡಲಿ ಬೀಸಿದಾಗ ಸತ್ತ ಕೋಶಗಳಿಂದ ಸೋರಿದ ಕಿಣ್ವವೇ ಲ್ಯಾಬ್ ಚೀಟಿಯಲ್ಲಿ ಏರಿದ ಎಸ್‌ಜಿಪಿಟಿ. ಪಿತ್ತದಲ್ಲಿ ಹೊರಹೋಗಬೇಕಿದ್ದ ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣಿಗೆ ಬಣ್ಣ ಬಳಿಯುತ್ತದೆ. ಕೆಲವರಲ್ಲಿ ಈ ಕಡಿತ ಮಿತಿ ಮೀರುತ್ತದೆ. ರೋಗಿಗೆ ಮಂಪರು, ಗೊಂದಲ ಕಂಡರೆ ಸೊಪ್ಪು ಅರೆಯುತ್ತ ಕೂರಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಲಿಲ್ಲ. ಹೆಪಟೈಟಿಸ್ ಬಿ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಮದ್ರಾಸಿನ ವೈದ್ಯವಿಜ್ಞಾನಿಗಳ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. 1988ರ ಫಲಿತಾಂಶ ಆಸೆ ಹುಟ್ಟಿಸಿತು, ಮುಂದೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಅದು ಮರುಕಳಿಸಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಳದಿಯಾಗದ ಕಣ್ಣುಗಳು. ಹೆರಿಗೆಯ ವೇಳೆ ತಾಯಿಯಿಂದ ಬಿ ವೈರಸ್ ತಗಲಿದ ನೂರು ಶಿಶುಗಳಲ್ಲಿ ಸುಮಾರು 90ರ ಮೈಯಲ್ಲಿ ಅದು ನೆಲೆಯೂರುತ್ತದೆ. ವಯಸ್ಕರಲ್ಲಿ ನೂರಕ್ಕೆ 5ರಷ್ಟು ಮಾತ್ರ. ಎಳೆಯ ಕಾವಲುಗಾರರಿಗೆ ಇನ್ನೂ ಕಳ್ಳನ ಗುರುತಿಲ್ಲ, ಹಾಗಾಗಿ ಕಾಳಗವಿಲ್ಲ, ಕಾಮಾಲೆಯೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಕಾವಲುಗಾರರು ಎಚ್ಚೆತ್ತು, ವೈರಸ್ಸನ್ನು ಓಡಿಸಲಾಗದೆ, ಮತ್ತೆ ಮತ್ತೆ ಅರೆಬರೆ ಕಡಿಯುತ್ತಾರೆ. ಪ್ರತಿ ಕಡಿತಕ್ಕೂ ಒಂದಿಷ್ಟು ಕಲೆ, ಕಲೆ ಗಟ್ಟಿಯಾಗುತ್ತ ಸಿರೋಸಿಸ್, ಕೆಲವರಲ್ಲಿ ಕ್ಯಾನ್ಸರ್. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕುವುದು ಇದಕ್ಕೇ: ದುಂಬಿ ಸುಳಿ ಸೇರುವ ಮೊದಲೇ ಅದರ ಮುಖ ಹೇಗಿರುತ್ತದೆಂದು ಆ ಪುಟ್ಟ ಕಾವಲುಗಾರರಿಗೆ ತೋರಿಸಿಬಿಡಲು.