ಕಾರು ಕಡಿಮೆಯಾದ ಪೇಟೆಗೂ ಗಾಡಿ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳೆಯ ಪೇಟೆಗಳನ್ನು ಯಾರೂ ಕಾರಿಗಾಗಿ ಕಟ್ಟಲಿಲ್ಲ. ಅವು ಕಾಲ್ನಡಿಗೆಯವರಿಗೂ ಎತ್ತಿನ ಗಾಡಿಗೂ ಹುಟ್ಟಿಕೊಂಡ ಊರುಗಳು. ಎದುರುಬದುರು ಬಂದ ಎರಡು ಗಾಡಿಗಳು ಮೂಕಿ ತಾಗಿಸಿಕೊಳ್ಳದೆ ಹಾದುಹೋದರೆ ಬೀದಿ ಸಾಕಷ್ಟು ಅಗಲವಿದೆಯೆಂದೇ ಅರ್ಥ. ಸಂತೆ ಮಾಳದ ಅಂಚಿನಲ್ಲಿ ಗಾಡಿ ಬಿಚ್ಚಲು ಜಾಗ, ಎತ್ತು ಕಟ್ಟಲು ಮರದ ನೆರಳು, ಕುಡಿಸಲು ನೀರಿನ ತೊಟ್ಟಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದೇ ಅಂದಿನ ನಗರ ಯೋಜನೆ.

1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಬಂದಾಗ ಗಾಡಿಯ ಕೆಲಸ ಮುಗಿಯಿತೆಂದು ಯಾರಾದರೂ ಎಣಿಸಿದ್ದರೆ ಅವರ ಲೆಕ್ಕ ತಪ್ಪಿತು. ರೈಲು ನಿಲ್ದಾಣದವರೆಗೆ ಮಾತ್ರ ಬರುತ್ತದೆ. ಅಲ್ಲಿಂದಾಚೆಗೆ ಗಾಡಿಯೇ ಗತಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಶಿವನಸಮುದ್ರದ ಕೇಂದ್ರಕ್ಕೆ ಭಾರಿ ಯಂತ್ರಗಳು ತಲುಪಿದ್ದು ಪ್ರಾಣಿಗಳು ಎಳೆದ ಬಂಡಿಗಳಲ್ಲಿ. ನಾಡಿಗೆ ವಿದ್ಯುತ್ತಿನ ಯುಗವನ್ನು ಎಳೆದುತಂದದ್ದು ನೊಗ ಎಂದರೆ ಅತಿಶಯೋಕ್ತಿಯಲ್ಲ.

ಕನ್ನಂಬಾಡಿಯ ನಾಲೆ ನೀರು ಹರಿದ ಮೇಲೆ ಗಾಡಿಯ ಮಹತ್ವ ಇನ್ನೂ ಹೆಚ್ಚಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು ಕಾಯುವ ಬೆಳೆಯಲ್ಲ. ಕಡಿದು ಬಿಸಿಲಿನಲ್ಲಿ ಬಿಟ್ಟರೆ ತೂಕ ಇಳಿಯುತ್ತದೆ, ಸಿಹಿ ಕುಗ್ಗುತ್ತದೆ, ರೈತನ ಕೈಗೆ ಬರುವ ಕಾಸೂ ಅಷ್ಟೇ ಇಳಿಯುತ್ತದೆ. ಆದ್ದರಿಂದಲೇ ಗಾಡಿ ನಡೆಯುವಷ್ಟು ದೂರದಲ್ಲೇ ಗದ್ದೆ, ಗದ್ದೆಯ ಪಕ್ಕದಲ್ಲೇ ಆಲೆಮನೆ. ಹಳ್ಳಿಕಾರ್ ಎತ್ತುಗಳು, ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರ, ಮುಂದೆ ರಬ್ಬರ್ ಟೈರಿನ ಗಾಡಿ, ಇದೊಂದು ಕ್ರಮ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ಅಧ್ಯಯನದ ವಿಷಯವಾಗಿ ಎತ್ತಿಕೊಂಡಾಗ ನಕ್ಕವರಿದ್ದರೆ ಅವರಿಗೆ ದೇಶದ ಸಾಗಣೆಯ ಲೆಕ್ಕ ಗೊತ್ತಿರಲಿಲ್ಲ ಎನ್ನಬೇಕು.

ಬಳಿಕ ಬಂದದ್ದು ‘ಟೆಂಪೋ’. ನಮ್ಮವರ ಬಾಯಲ್ಲಿ ಅಪ್ಪಟ ಕನ್ನಡವಾಗಿಬಿಟ್ಟಿರುವ ಈ ಪದ ಜರ್ಮನಿಯ ಹ್ಯಾಂಬರ್ಗಿನ ಕಂಪನಿಯೊಂದರ ಮೂರು ಚಕ್ರದ ಬಂಡಿಯ ಹೆಸರು. ಆಮೇಲೆ ಮೆಟಡಾರ್, ಲಗೇಜ್ ಆಟೋ, 2005ರಲ್ಲಿ ಟಾಟಾ ಏಸ್. ಮುಕ್ಕಾಲು ಟನ್ ಹೊರುವ ಈ ಪುಟ್ಟ ಗಾಡಿ ಗೆದ್ದದ್ದು ವೇಗದಿಂದಲ್ಲ. ಲಾರಿ ನುಗ್ಗದ ಓಣಿಗೆ ಅದು ನುಗ್ಗುತ್ತದೆ, ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆ ನಡೆಯುವುದು ಹೀಗೆಯೇ. ತೋಟದಿಂದ ಮಾರುಕಟ್ಟೆಗೆ ಆಟೋ, ಟ್ರ್ಯಾಕ್ಟರು. ಮಾರುಕಟ್ಟೆಯಿಂದ ಹೊರರಾಜ್ಯಕ್ಕೆ ಲಾರಿ. ಚಿಕ್ಕ ಗಾಡಿ ಇಲ್ಲದಿದ್ದರೆ ದೊಡ್ಡ ಲಾರಿಗೆ ಕೆಲಸವೇ ಇಲ್ಲ.

ಪ್ರಪಂಚದಲ್ಲಿ ಕಾರನ್ನು ಹೊರಗಿಟ್ಟ ಊರುಗಳೂ ಇದನ್ನೇ ಕಂಡುಕೊಂಡಿವೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಪೆಟ್ರೋಲ್ ಕಾರು ಬರುವಂತಿಲ್ಲ. ಸಾಮಾನು ಹೊರಲು ಬ್ಯಾಟರಿಯ ಪುಟ್ಟ ಗಾಡಿಗಳಿವೆ. ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಕುದುರೆ ಮತ್ತು ಮನುಷ್ಯರೇ ಎಳೆಯುವ ರಿಕ್ಷಾ ಬಹುಕಾಲ ನಡೆದವು. ಆ ಅಮಾನವೀಯ ದುಡಿಮೆಗೆ ಪರ್ಯಾಯವಾಗಿ ಸುಪ್ರೀಂ ಕೋರ್ಟ್ 2022ರಲ್ಲಿ ಇ-ರಿಕ್ಷಾ ಪ್ರಯೋಗಕ್ಕೆ ಅವಕಾಶ ಕೊಟ್ಟಿತು. ಕಾರು ಬೇಡವೆನ್ನುವುದು ಸುಲಭ. ಹೊರೆಯನ್ನು ಯಾರ ಬೆನ್ನ ಮೇಲೆ ಹೊರಿಸುತ್ತೀರಿ ಎಂಬುದೇ ಪ್ರಶ್ನೆ.

ಮಂಡ್ಯ, ಮದ್ದೂರುಗಳು ಈ ಸ್ಥಿತಿಗೆ ಬಂದದ್ದು ಇನ್ನೊಂದು ಬಾಗಿಲಿನಿಂದ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದು ಮಂಡ್ಯವನ್ನು ಬಳಸಿಕೊಂಡು, ಮದ್ದೂರನ್ನು ಮೇಲಿನಿಂದ ದಾಟಿ ಹೋಗುತ್ತದೆ. ವಡೆಗೆಂದು ಮದ್ದೂರಿನಲ್ಲಿ ಬ್ರೇಕ್ ಹಾಕುತ್ತಿದ್ದ ಕಾರು ಈಗ ಮೇಲೆಯೇ ಹಾರಿಹೋಗುತ್ತದೆ. ಹೋಟೆಲಿನವರ ಅಳಲು ಅರ್ಥವಾಗುವಂಥದ್ದೇ. ಕೇಳದೆಯೇ ಊರಿನ ಕಾರು ಕಡಿಮೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಗಳನ್ನು ನಿಷೇಧಿಸಲಾಯಿತು.

ನಿಷೇಧಕ್ಕೆ ಕಾರಣವಿತ್ತು. ಅಪಘಾತಗಳಲ್ಲಿ ಬಹಳಷ್ಟು ಜೀವ ಹೋಗಿದ್ದವು. ನೂರು ಕಿಲೋಮೀಟರ್ ವೇಗದ ಕಾರಿನ ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಕತ್ತಲಲ್ಲಿ ತೆವಳುವುದು ಯಾರಿಗೂ ಕ್ಷೇಮವಲ್ಲ. ಆದರೆ ಗದ್ದೆ ಒಂದು ಬದಿ, ಆಲೆಮನೆ ಇನ್ನೊಂದು ಬದಿ ಇರುವವನಿಗೆ ದಾರಿ ಎಂದರೆ ಸರ್ವಿಸ್ ರಸ್ತೆ ಮತ್ತು ಅಂಡರ್‌ಪಾಸ್. ಅಂಡರ್‌ಪಾಸ್ ಎಲ್ಲಿದೆಯೋ ಅಲ್ಲಿಯವರೆಗೆ ಹೋಗಿ ತಿರುಗಿ ಬರಬೇಕು. ಹೆಚ್ಚುವರಿ ಡೀಸೆಲ್ಲಿನ ಖರ್ಚನ್ನು ಹೆದ್ದಾರಿಯ ಲೆಕ್ಕಪತ್ರದಲ್ಲಿ ಯಾರೂ ಬರೆದಿಡುವುದಿಲ್ಲ. ಪಥಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವವರು ಮೊದಲು ಈ ಪಕ್ಕದ ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೋಗಿ ನೋಡಬೇಕು.

ಊರೊಳಗೆ ಇನ್ನೊಂದು ಬಗೆಯ ಮರೆವು. ಪೇಟೆ ಬೀದಿ ಅಗಲ ಮಾಡುವ ಮಾತು ಬಂದಾಗಲೆಲ್ಲ ಓಡುವ ವಾಹನದ್ದೇ ಚರ್ಚೆ, ನಿಂತು ಇಳಿಸುವ ಗಾಡಿಯ ಸುದ್ದಿಯಿಲ್ಲ. ಬೆಳಗಿನ ಹೊತ್ತು ಮೂಟೆ ಇಳಿಸಲು ಗುರುತು ಹಾಕಿದ ಜಾಗ, ಸಂತೆ ದಿನ ಲಗೇಜ್ ಆಟೋಗಳಿಗೆ ಒಂದು ಮಾಳ ಇಷ್ಟನ್ನು ಕೊಟ್ಟರೂ ಅಂಗಡಿ ಕೆಡವುವ ಪ್ರಮೇಯ ಎಷ್ಟೋ ಕಡೆ ಬಾರದು.

ಮಳವಳ್ಳಿಯ ಸಂಗತಿ ಬೇರೆ. ಅಲ್ಲಿಗೆ ರೈಲೂ ಇಲ್ಲ, ಈ ಹೆದ್ದಾರಿಯೂ ಇಲ್ಲ. ಹಿಪ್ಪುನೇರಳೆ ಬೆಳೆಯುವ ಹಳ್ಳಿಗಳ ರೇಷ್ಮೆ ಗೂಡು, ತೂಕ ಕಡಿಮೆ ಗಾತ್ರ ಹೆಚ್ಚಿನ ಸರಕು, ಚಿಟ್ಟೆ ಹೊರಬೀಳುವ ಮುನ್ನ ಮಾರುಕಟ್ಟೆ ಸೇರಬೇಕು. ಅಲ್ಲಿನ ರೈತ ಇಂದಿಗೂ ಕೇಳುವುದು ಒಂದೇ: ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ?